ಕಣ್ಣಿನ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಯಾರ ಜೊತೆಯೂ ಬೆರೆಯುವುದಿಲ್ಲ, ಬಸ್ಸಲ್ಲಿ ಯಾರೋ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅಂತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ. ಡಾಕ್ಟರು ಸ್ಕಿಜೋಟೈಪಲ್ ವ್ಯಕ್ತಿತ್ವದ ತೊಂದರೆ ಅಂದರು. ನಮ್ಮ ಸೋದರಮಾವನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ) ಇತ್ತು. ಕಣ್ಣು ಓಡಾಡುವ ರೀತಿ ನೋಡಿ ಇದನ್ನು ಪತ್ತೆ ಮಾಡ್ತಾರಂತೆ. ಮಾಡಿಸೋಣವಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಮುಖ ಕೊಟ್ಟು ಮಾತಾಡದಿರುವುದು ಸಂಕೋಚ, ಭಯದ ವಿಷಯ. ನೀವು ಕೇಳಿದ ಟೆಸ್ಟೇ ಬೇರೆ.

ಒಂದು ಬೆರಳನ್ನು ಕಣ್ಣಮುಂದೆ ನಿಧಾನಕ್ಕೆ ಆಚೀಚೆ ಆಡಿಸಿ. ಕಣ್ಣು ಜಾರುತ್ತಾ ಅದರ ಹಿಂದೆಯೇ ಹೋಗುತ್ತದೆ. ಬೆರಳು ತೆಗೆದು ಹಾಗೇ ಜಾರಿಸಲು ನೋಡಿ, ಆಗಲ್ಲ, ಕುಪ್ಪಳಿಸುತ್ತದೆ! ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನರಿಗೆ ಬೆರಳಿದ್ದರೂ ಕಣ್ಣು ಹಿಂದೆ ಬಿದ್ದು, ಆಮೇಲೆ ಹಾರಿ ಹಿಡಿಯುತ್ತದೆ. ಅಮೆರಿಕದಲ್ಲಿ 1908ರಲ್ಲೇ ಇದು ಕಣ್ಣಿಗೆ ಬಿದ್ದಿತ್ತು, ಆಮೇಲೆ ಮರೆತೇಹೋಯಿತು. 1973ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಹೋಲ್ಜ್‌ಮನ್ ಅವರು ತೂಗಾಡುವ ಲೋಲಕವನ್ನು ರೋಗಿಗಳ ಮುಂದಿಟ್ಟು ಮತ್ತೆ ತೋರಿಸಿದರು. ಕಾಯಿಲೆಯೇ ಇಲ್ಲದ ಹತ್ತಿರದ ನೆಂಟರಲ್ಲೂ ಇದು ಜಾಸ್ತಿ ಕಂಡಾಗ, ವಂಶದಲ್ಲಿ ಹರಿಯುವ ಗುರುತಿರಬಹುದು ಅಂತ ಆಸೆ ಹುಟ್ಟಿತು. 1984ರಲ್ಲಿ ಮನೋವೈದ್ಯ ಲ್ಯಾರಿ ಸೀವರ್ ಅವರ ತಂಡ ಆಸ್ಪತ್ರೆಗೆ ಸಂಬಂಧವಿಲ್ಲದ ಸ್ವಯಂಸೇವಕರನ್ನು ಪರೀಕ್ಷಿಸಿ, ಕಣ್ಣು ಸರಿಯಾಗಿ ಹಿಂಬಾಲಿಸದವರಲ್ಲಿ ನಿಮ್ಮ ತಮ್ಮನಂಥ ಸ್ವಭಾವ ಜಾಸ್ತಿ ಅಂತ ಹೇಳಿತು.

ಇನ್ನೊಂದು ಪರೀಕ್ಷೆ ಇನ್ನೂ ಮಜಾ. ಪರದೆಯ ಬಲಕ್ಕೆ ಚುಕ್ಕೆ ಬಂದರೆ ಎಡಕ್ಕೆ ನೋಡಬೇಕು. ಬಂದ ಕಡೆಗೇ ಹಾರುವ ಕಣ್ಣನ್ನು ಮಿದುಳಿನ ಮುಂಭಾಗ ತಡೆಯಬೇಕು, ಸ್ಕಿಜೋಫ್ರೇನಿಯಾದಲ್ಲಿ ಆ ಬ್ರೇಕ್ ಸಡಿಲ. ಆದರೆ ಆರೋಗ್ಯವಂತರೂ ಆಗಾಗ ತಪ್ಪುತ್ತಾರೆ!

ತೊಡಕು ಇರುವುದೇ ಇಲ್ಲಿ. ಇದೆಲ್ಲ ಗುಂಪಿನ ಸರಾಸರಿ ಲೆಕ್ಕ. ನಿದ್ದೆಗೆಟ್ಟಿದ್ದರೆ, ಕುಡಿದಿದ್ದರೆ, ಲಿಥಿಯಂ ಅನ್ನುವ ಮಾನಸಿಕ ಕಾಯಿಲೆಯ ಔಷಧಿ ಅಥವಾ ನಿದ್ದೆ ಮಾತ್ರೆ ತಗೊಂಡಿದ್ದರೆ ಯಾರ ಕಣ್ಣಾದರೂ ತಡವರಿಸುತ್ತದೆ, ಕಾಯಿಲೆ ಇದ್ದವರಲ್ಲೂ ಕೆಲವರು ಸಲೀಸಾಗಿ ಪಾಸಾಗುತ್ತಾರೆ. ಸಂಶೋಧಕರಿಗೆ ಉಪಯೋಗ, ನಿಮ್ಮ ತಮ್ಮನಿಗೆ ಇಲ್ಲ.

ಸ್ಕಿಜೋಟೈಪಲ್ ಇರುವ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ. ಗಾಂಜಾ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಅದೇ ಡಾಕ್ಟರ ಹತ್ತಿರ ಹೋಗುತ್ತಿರಿ. ಬಸ್ಸಲ್ಲಿ ನಕ್ಕವರ ಬಗ್ಗೆ 'ಇರಬಹುದೇನೋ' ಅನ್ನುವವನು 'ಖಂಡಿತ ಅವರೇ' ಅನ್ನಲು ಶುರು ಮಾಡಿದರೆ, ಯಾರೂ ಇಲ್ಲದೆ ದನಿ ಕೇಳಿಸಿದರೆ, ಊಟ ಸ್ನಾನ ಬಿಟ್ಟರೆ ಕಾಯಬೇಡಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.