ಭಾಷೆ ಕೊಡದ ಸಂಕಮ್ಮ

ಪ್ರಶ್ನೆ: ಗಂಡ ದೂರ ಹೋದಾಗ ಹೆಂಡತಿಯ ನಿಷ್ಠೆ ಪರೀಕ್ಷಿಸುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೇರೆ ಕಡೆಯ ಕಥೆಗಳಲ್ಲೂ ಹೀಗೇನಾ? ಗಂಡನನ್ನು ಯಾರೂ ಕೇಳುವುದಿಲ್ಲವಾ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಮಳವಳ್ಳಿಯವರು ಕೇಳಿದ್ದೀರಿ, ಹಾಗಾಗಿ ಸಂಕಮ್ಮನಿಂದಲೇ ಶುರು ಮಾಡುತ್ತೇನೆ. ಮಲೆ ಮಹದೇಶ್ವರ ಬೆಟ್ಟದ ದೇವರು ಮಾದಪ್ಪನ ಕಥೆಯಲ್ಲಿ ಬರುವವಳು ಅವಳು. ಆ ಕಥೆ ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಡಿಗೆ ಹೊರಟ ನೀಲೇಗೌಡ, ನಾನು ಬರುವವರೆಗೆ ತಪ್ಪಿ ನಡೆಯಲ್ಲ ಅಂತ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ.

ನಾನು ಇದನ್ನು ಮೊದಲು ಕೇಳಿದ್ದು ನಂಜನಗೂಡಿನ ಹತ್ತಿರ, ನಮ್ಮಜ್ಜಿ ಊರಲ್ಲಿ. ಆಗ ನನಗೆ ಹತ್ತು ವರ್ಷ ಇರಬಹುದು. ಜಗಲಿ ಮೇಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಹಾಡುತ್ತಿದ್ದರು. ಅಜ್ಜಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಸಂಕಮ್ಮ ಒಲ್ಲೆ ಅಂದ ಕಡೆ ಅಜ್ಜಿಯ ಕೈ ನಿಂತುಬಿಟ್ಟಿತು. ಕಂಸಾಳೆಯ ಸದ್ದು ಇಳಿದ ಮೇಲೆ ಮೆಲ್ಲಗೆ ಹೇಳಿದಳು: ‘ತಪ್ಪು ಮಾಡ್ದೇ ಇರೋಳು ಯಾಕವ್ವಾ ಆಣೆ ಇಕ್ಬೇಕು?’

ಅವತ್ತಿನಿಂದ ಇಂಥ ಕಥೆ ಯಾವುದೇ ಸಿಗಲಿ, ನಾನು ಮೊದಲು ನೋಡುವುದು ಇಷ್ಟೇ: ಆಣೆ ಕೇಳುವವರು ಯಾರು?

ಗ್ರೀಕರ ಪೆನೆಲೋಪಿ ಗಂಡನಿಗಾಗಿ 20 ವರ್ಷ ಕಾಯುತ್ತಾಳೆ. ಮಾವನಿಗೆ ಹೊದಿಸುವ ಬಟ್ಟೆ ನೇಯ್ದು ಮುಗಿದ ಮೇಲೆ ಮದುವೆ ಆಗುತ್ತೇನೆ ಎಂದು ಬೆನ್ನು ಬಿದ್ದವರಿಗೆ ಹೇಳಿ, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಾಳೆ. ಗಂಡ ಒಡಿಸ್ಯೂಸ್ ಅಷ್ಟರಲ್ಲಿ ಕ್ಯಾಲಿಪ್ಸೋ ಎಂಬ ದೇವತೆಯ ಜೊತೆ ಏಳು ವರ್ಷ ಇದ್ದ. ಅವನ ನಿಷ್ಠೆಗೆ ಸಾಕ್ಷಿ ಕೇಳುವವರೇ ಇಲ್ಲ. ಕೊನೆಗೆ ಪೆನೆಲೋಪಿಯೂ ಅವನನ್ನು ಪರೀಕ್ಷಿಸುತ್ತಾಳೆ ನಿಜ. ಮಂಚ ಹೊರಗೆ ಹಾಕಿ ಅನ್ನುತ್ತಾಳೆ. ಬೇರು ಬಿಟ್ಟ ಆಲಿವ್ ಮರದಲ್ಲೇ ಆ ಮಂಚ ಮಾಡಿದವನು ಅವನು, ಅದು ಅಲುಗಾಡುವುದಿಲ್ಲ ಅಂತ ಅವನಿಗೆ ಗೊತ್ತು. ಆದರೆ ಅದು ನಿಷ್ಠೆಯ ಪರೀಕ್ಷೆ ಅಲ್ಲ, ಇವನು ನನ್ನ ಗಂಡನೇ ಹೌದಾ ಎಂಬ ಪರೀಕ್ಷೆ.

ನನಗೆ ಜಾಸ್ತಿ ಇಷ್ಟ ದೇವಸ್ಮಿತೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದವಳು. ಗಂಡ ಗುಹಸೇನ ವ್ಯಾಪಾರಕ್ಕೆ ಹೊರಟಾಗ ಶಿವ ಕನಸಲ್ಲಿ ಬಂದು ಎರಡು ಕೆಂದಾವರೆ ಕೊಡುತ್ತಾನೆ. ಆಳಿಗೊಂದು. ಒಬ್ಬರು ತಪ್ಪಿದರೆ ಇನ್ನೊಬ್ಬರ ಕೈಯಲ್ಲಿರುವ ಹೂ ಬಾಡುತ್ತದೆ. ಇಲ್ಲಿ ಗಂಡನೂ ಲೆಕ್ಕ ಕೊಡಬೇಕು! ಅವಳನ್ನು ಕೆಡಿಸಲು ಬಂದ ನಾಲ್ವರಿಗೆ ಅಮಲು ಬರಿಸಿ, ಹಣೆಗೆ ನಾಯಿಪಾದದ ಬರೆ ಹಾಕಿಸಿ ಕಳಿಸುತ್ತಾಳೆ.

ಇನ್ನು ಗಂಡನ ವಿಷಯ. ದೂರ ಯಾಕೆ, ನಮ್ಮ ನಂಜನಗೂಡಿನ ದೇವರು ನಂಜುಂಡನನ್ನೇ ನೋಡಿ. ಮನೆಯಲ್ಲಿ ಹೆಂಡತಿ ದೇವೀರಿ ಇದ್ದರೂ ಬೆಟ್ಟದ ಚಾಮುಂಡಿಗೆ ಮನಸ್ಸು ಕೊಟ್ಟ ಅಂತ ನಮ್ಮ ಹೆಣ್ಣುಮಕ್ಕಳು ಹಾಡುತ್ತಲೇ ಬಂದಿದ್ದಾರೆ. ದೇವರು ಅಂತ ಮುಚ್ಚಿಟ್ಟಿಲ್ಲ. ದೇವೀರಿಯ ಸಿಟ್ಟನ್ನೂ ಬಿಟ್ಟಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ಕಳಿಸಿ.