ಸಂಪಾದಕರ ಉತ್ತರ: ಬಂದ್ ಆದ ಗಣಿಯೊಳಗ ಉಳಸೂದು ಏನೈತ್ರಿ?

ಹುಬ್ಬಳ್ಳಿಯಿಂದ ಒಬ್ಬ ಹಿರಿಯ ಓದುಗರು ಎರಡು ಪುಟದ ಪತ್ರ ಬರದಾರ, ರೈಲ್ವೆ ವರ್ಕ್‌ಶಾಪಿನ್ಯಾಗ ದುಡದು ರಿಟೈರ್ ಆದೋರು. ಹೋದ ಸಂಚಿಕೆಯೊಳಗ ಜರ್ಮನಿಯ ಜೋಲ್‌ಫರಾಯ್ನ್ ಕಲ್ಲಿದ್ದಲು ಗಣಿ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ಸಿಟ್ಟಿಗೆದ್ದಾರ. "ಮಗ್ಗಲದಾಗ ಲಕ್ಕುಂಡಿ ಇಟ್ಕೊಂಡು ಮಸಿ ಹಿಡಿದ ತಗ್ಗಿಗೆ ನಾಕು ಪುಟ ಕೊಟ್ಟೀರಿ. ಬಂದ್ ಆದ ಕಾರ್ಖಾನಿ ಗುಜರಿಗೆ ಹೋಗೂದಽ ಬರೋಬ್ಬರಿ. ಮತ್ತ ಅಲ್ಲಿ ಸತ್ತೋರನ್ನ ಮರ್ತು ಅದಕ್ಕ ಪರಂಪರೆ ಅಂತ ಹೆಸರಿಡಬ್ಯಾಡ್ರಿ" ಅಂತ ಬರದಾರ. ಅದಽ ಪತ್ರದ ಕಡೀಗೆ ಮೊಮ್ಮಕ್ಕಳನ್ನ ಕರ್ಕೊಂಡು ಗದಗ ರೋಡಿನ ರೈಲ್ವೆ ಮ್ಯೂಸಿಯಂಗೆ ಹೋಗಿ ಹಳೇ ಎಂಜಿನ್ ತೋರಿಸಿದ್ದನ್ನೂ ಬರದಾರ, ಅದನ್ನ ನಾವು ಮರೆಯೂದಿಲ್ರಿ ಸರ.

ನಿಮ್ಮ ಕಡೇ ಮಾತಿಂದನ ಸುರು ಮಾಡ್ತೀನಿ, ಯಾಕಂದ್ರ ಅದು ಖರೇನ ಗಟ್ಟಿ ಮಾತು. ಸತ್ತೋರನ್ನ ಬಿಟ್ಟು ಗಣಿ ಚರಿತ್ರೆ ಹೇಳಿದ್ರ ಅದು ಟೂರಿಸಂ ಬ್ರೋಷರ್ ಆಗ್ತೈತಿ ಅಷ್ಟ. ಜಪಾನಿನ ಹಶಿಮಾ ದ್ವೀಪ ನೋಡ್ರಿ, ಸಮುದ್ರದ ನಡುವ ಕಾಂಕ್ರೀಟ್ ಬಿಲ್ಡಿಂಗ್ ತುಂಬಿದ ಕಲ್ಲಿದ್ದಲು ಗಣಿ, 1974ರಾಗ ಬಂದ್ ಆತು, 2015ರಾಗ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಯುದ್ಧದ ಕಾಲಕ್ಕ ಕೊರಿಯಾದ ಮಂದೀನ ಅವರ ಮನಸ್ಸಿಲ್ಲದ ತಂದು ದುಡಿಸಿದ್ದನ್ನೂ ತೋರಸ್ತೀವಿ ಅಂತ ಆವಾಗ ಜಪಾನಿನವರು ಮಾತು ಕೊಟ್ಟಿದ್ರು, ಟೋಕಿಯೋದಾಗ ಮಾಹಿತಿ ಕೇಂದ್ರ ತೆರದ ಮ್ಯಾಲೂ ಅದು ಸರಿಯಾಗಿ ಬರಲಿಲ್ಲ, 2021ರಾಗ ಯುನೆಸ್ಕೋ ಸಮಿತಿ ತನ್ನ ಬೇಸರ ಬರದ ಹೇಳಬೇಕಾತು. ಹಂಗಾಗಿ ನಿಮ್ಮ ಅನುಮಾನ ಸುಳ್ಳಲ್ಲ.

ಆದ್ರ ಗುಜರಿಗೆ ಹಾಕಿಬಿಟ್ರ ಸತ್ತೋರ ನೆನಪು ಉಳೀತೈತೇನ್ರಿ? ನನಗಂತೂ ಇಲ್ಲೇ ತಕರಾರು. ಗಣಿ ಬಂದ್ ಆದ ದಿನ ಎಲ್ಲಾರ ಕಣ್ಣು ಕಬ್ಬಿಣದ ಮ್ಯಾಲೆ ಇರ್ತೈತಿ, ಅದಕ್ಕ ರೇಟ್ ಐತಿ. ಕಾಗದಕ್ಕ ರೇಟ್ ಇಲ್ಲ. ಹಾಜರಿ ಪುಸ್ತಕ, ಪಗಾರದ ಪಟ್ಟಿ, ನೆಲದೊಳಗಿನ ದಾರಿ ಬರದ ಮ್ಯಾಪು, ಇವು ಒಲಿಗೆ ಹೋಗ್ತಾವ ಇಲ್ಲಾ ಗೆದ್ದಲಿಗೆ ಹೋಗ್ತಾವ. ಈ ಮ್ಯಾಪಿನ ಬೆಲೆ ಎಷ್ಟು ಅಂತ ಗೊತ್ತಾಗಬೇಕಂದ್ರ ಧನಬಾದ್ ಹತ್ರದ ಚಾಸ್‌ನಾಲಾ ನೆನಸ್ಕೋರಿ. 1975ರ ಡಿಸೆಂಬರ್ 27, ಕೆಲಸ ನಡದಿದ್ದ ಗಣಿಯೊಳಗ ಹಳೇ ಬಿಟ್ಟ ಗಣಿಯಾಗ ನಿಂತಿದ್ದ ನೀರು ಒಡಕೊಂಡು ನುಗ್ಗಿತು, 375 ಮಂದಿ ಹೋದ್ರು. ಮೇಘಾಲಯದಾಗ 2018ರ ಡಿಸೆಂಬರಿನ್ಯಾಗ ಇಲಿಬಿಲದಂಥಾ ಗಣಿಯೊಳಗೂ ನೀರಽ ನುಗ್ಗಿ 15 ಮಂದಿ ಸಿಕ್ಕೊಂಡ್ರು.

ಅಮೆರಿಕದ ಪೆನ್ಸಿಲ್ವೇನಿಯಾದಾಗ ಕ್ವೀಕ್ರೀಕ್ ಅಂತ ಒಂದು ಗಣಿ, 2002ರ ಜುಲೈದಾಗ ಅಲ್ಲಿನೂ ಇದಽ ಕಥಿ, ಬಾಜೂಕ ಇದ್ದ ಹಳೇ ಗಣಿ ಇನ್ನೂ ದೂರ ಐತಿ ಅಂತ ತಮ್ಮ ಹತ್ರ ಇದ್ದ ಮ್ಯಾಪ್ ನಂಬಿ ಕಡಕೋತ ಹೋದ್ರು, ಮ್ಯಾಪು ಅರ್ಧಾ, ಗ್ವಾಡಿ ಒಡದು ನೀರು ಬಂತು. 9 ಮಂದಿ ಮೂರು ದಿನದ ಮ್ಯಾಲೆ ಜೀವಂತ ಹೊರಗ ಬಂದದ್ದು ದೊಡ್ಡ ಪುಣ್ಯ. ಆ ಹಳೇ ಗಣಿಯ ಕಡೇ ಮ್ಯಾಪು ಆಮ್ಯಾಲೆ ಸಿಕ್ಕಿದ್ದು ಎಲ್ಲಿ ಗೊತ್ತೇನ್ರಿ? ವಿಂಡ್ಬರ್ ಅನ್ನೋ ಊರಿನ ಕಲ್ಲಿದ್ದಲು ಮ್ಯೂಸಿಯಂನಾಗ, ತೀರಿಕೊಂಡ ಒಬ್ಬ ಗಣಿ ಇನ್‌ಸ್ಪೆಕ್ಟರ್ ಮನಿಯವರು ಕೊಟ್ಟ ಕಾಗದದ ಗಂಟಿನ್ಯಾಗ. ಇದನ್ನ ಓದಿದ ಮ್ಯಾಲೆ ಮ್ಯೂಸಿಯಂ ಅಂದ್ರ ಮಂದಿ ಸೆಲ್ಫಿ ತಗೊಳ್ಳೋ ಜಾಗ ಅಂತ ನನಗ ಅನಸೂದಿಲ್ಲ.

ಇನ್ನ ಲಕ್ಕುಂಡಿ. ಬರೀತೀವಿ, ಬರದೀವಿ ಕೂಡ. ಬ್ರಹ್ಮ ಜಿನಾಲಯ ಕಟ್ಟಿಸಿದಾಕಿ ಅತ್ತಿಮಬ್ಬೆ ಅಂತ ಸಾವಿರ ವರ್ಷ ಆದ್ರೂ ನಮಗ ಗೊತ್ತೈತಿ, ಆ ಕಲ್ಲನ್ನ ನೆಲದಿಂದ ಎಬ್ಬಿಸಿ ಬಂಡಿಗೆ ಹೇರಿದವರು ಯಾರು, ಎಷ್ಟು ಮಂದಿ ಕೈಕಾಲು ಕಳಕೊಂಡ್ರು, ಅದನ್ನ ಯಾವ ಶಾಸನದಾಗ ಹುಡುಕೂದು? ಕಲ್ಲಿದ್ದಲು ಗಣಿಯೊಳಗ ಮಾತ್ರ ಇದು ಉಲ್ಟಾ ಆಗ್ತೈತಿ ನೋಡ್ರಿ. ಶಿಫ್ಟಿಗೆ ಇಳಿಯೋ ಮುಂಚೆ ಕಾರ್ಮಿಕ ಲ್ಯಾಂಪ್ ರೂಮಿಗೆ ಹೋಗ್ತಾನ, ನಂಬರ್ ಹಾಕಿದ ಹಿತ್ತಾಳಿ ಟೋಕನ್ ಕೊಡ್ತಾನ, ಅದಽ ನಂಬರಿನ ದೀಪ ಇಸ್ಕೋತಾನ, ಕೇಜ್ ಅನ್ನೋ ಲಿಫ್ಟ್ ಹತ್ತಿ ಇಳೀತಾನ. ಮ್ಯಾಲೆ ಬಂದ ಮ್ಯಾಲೆ ದೀಪ ಕೊಟ್ಟು ಟೋಕನ್ ವಾಪಸ್. ಶಿಫ್ಟ್ ಮುಗದ ಮ್ಯಾಲೂ ಒಂದು ಟೋಕನ್ ಗ್ವಾಡಿ ಮ್ಯಾಲೆ ತೂಗಾಕತ್ತಿದ್ರ, ಒಂದು ದೀಪ ವಾಪಸ್ ಬಂದಿಲ್ಲಂದ್ರ, ಒಬ್ಬಾಂವ ಇನ್ನೂ ಕೆಳಗ ಅದಾನ ಅಂತ ಅರ್ಥ. 1906ರಾಗ ಫ್ರಾನ್ಸಿನ ಕೂರಿಯೇರ್ ಗಣಿ ಸ್ಫೋಟದಾಗ 1,099 ಮಂದಿ ಸತ್ರು, 13 ಮಂದಿ 20 ದಿನದ ಮ್ಯಾಲೆ ತಾವಽ ದಾರಿ ಹುಡುಕ್ಕೊಂಡು ಎದ್ದು ಬಂದ್ರು, ಅಂಥಾ ಊರಿನ್ಯಾಗ ಲ್ಯಾಂಪ್ ರೂಮಿನ ಗ್ವಾಡಿ ಅಂದ್ರ ಏನು ಅಂತ ನೀವಽ ಯೋಚನಿ ಮಾಡ್ರಿ. ನನ್ನ ಕೇಳಿದ್ರ ಬಂದ್ ಆದ ಗಣಿಯೊಳಗ ಮೊದ್ಲು ಉಳಸಬೇಕಾದ್ದು ಆ ರೂಮು, ಕೇಜ್ ಏರಿಳಿಸೋ ಎತ್ತರದ ಗೋಪುರ, ಹೆಡ್‌ಗೇರ್ ಅಂತಾರಲ್ಲ, ಅದು ಆಮ್ಯಾಲೆ.

ಹಂಗಂತ ಎಲ್ಲಾನೂ ಉಳಸ್ರಿ ಅನ್ನೋ ಪೈಕಿ ನಾನಲ್ಲ. ವೇಲ್ಸಿನ ಅಬರ್‌ಫ್ಯಾನ್‌ನಾಗ 1966ರಾಗ ಗಣಿ ಕಸದ ಗುಡ್ಡ ಜಾರಿ ಸಾಲಿ ಮ್ಯಾಲೆ ಬಿದ್ದು 144 ಮಂದಿ ಹೋದ್ರು, ಅದರಾಗ 116 ಮಕ್ಕಳು. ಉಳಿದ ಗುಡ್ಡಾನೂ ತಗೀರಿ ಅಂತ ಊರವರು ಹಟ ಹಿಡದು ತಗಿಸಿದ್ರು. ಅದಽ ಥರದ ಕಸದ ಗುಡ್ಡಗಳು ಉತ್ತರ ಫ್ರಾನ್ಸಿನ್ಯಾಗ 2012ರಿಂದ ವಿಶ್ವ ಪರಂಪರೆ ಆಗ್ಯಾವ. ಎರಡೂ ಸರಿನ. ಗುಡ್ಡದ ಬುಡಕ ಇರೋ ಮಂದಿ ಏನಂತಾರ ಅನ್ನೋದು ಮುಖ್ಯ, ಎಸಿ ರೂಮಿನ್ಯಾಗ ಕುಂತ ಎಕ್ಸ್‌ಪರ್ಟ್ ಏನಂತಾನ ಅನ್ನೋದಲ್ಲ. ಜೋಲ್‌ಫರಾಯ್ನ್ ಗಣಿ 1986ರಾಗ ಬಂದ್ ಆತು, ಅಲ್ಲಿ ಸರ್ಕಾರ ಕೂಡ್ಲೇ ಖರೀದಿ ಮಾಡಿತು, ಆದ್ದರಿಂದ ಕೆಳಗ ಇಳಿಯೋ ಬಾವಿಯಂಥಾ ಶಾಫ್ಟಿನಿಂದ ಹಿಡದು ಕಲ್ಲಿದ್ದಲು ತೊಳಿಯೋ ಬಿಲ್ಡಿಂಗ್‌ತನಕ ಇಡೀ ಸಾಲು ಹಂಗಽ ಉಳೀತು. ನಮ್ಮ ಕೆಜಿಎಫ್ 2001ರ ಫೆಬ್ರವರಿಯೊಳಗ ಮುಚ್ಚಿತು, ಬಂಗಾರ ತಗದ ಮ್ಯಾಲೆ ಉಳಿದ ಸೈನೈಡ್ ಮಣ್ಣಿನ ದಿಬ್ಬ ಊರ ನಡುವ ಹಂಗಽ ಅದಾವ, ಧೂಳು ಕುಡಿಯೋರು ಅಲ್ಲಿ ಮಂದಿ.

ವೇಲ್ಸಿನ ಬಿಗ್ ಪಿಟ್ ಗಣಿ ಮಾತ್ರ ನನಗ ಭಾಳ ಹಿಡಿಸಿದ್ದು, 1980ರಾಗ ಮುಚ್ಚಿ 1983ರಾಗ ಮ್ಯೂಸಿಯಂ ಅಂತ ತೆರದ್ರು, ಸುಮಾರು 90 ಮೀಟರ್ ಕೆಳಗ ಇಳಸ್ತಾರ, ಇಳಿಯೋ ಮುಂಚೆ ಮೊಬೈಲು, ಬ್ಯಾಟರಿ ವಾಚು ಎಲ್ಲಾ ಇಸ್ಕೋತಾರ, ಕಿಡಿ ಹಾರಬಾರದು ಅನ್ನೋ ಗಣಿ ಕಾನೂನು ಟೂರಿಸ್ಟಿಗೂ ಅದಽ. ದಾರಿ ತೋರಿಸೋರು ಅಂಥಾ ಗಣಿಯೊಳಗ ಕೆಲಸ ಮಾಡಿದವರು.

ನಮ್ಮ ಕಡೆ ಕಲ್ಲಿದ್ದಲು ಎಲ್ಲೈತ್ರಿ ಅಂತ ಕೇಳ್ತೀರಿ. ಇಲ್ಲ, ಇರಾಕೂ ಸಾಧ್ಯ ಇಲ್ಲ. ಧಾರವಾಡ ಶಿಲೆ ಅಂತ ಜಗತ್ತಿಗೆ ಹೆಸರಾದ ನಮ್ಮ ಕಲ್ಲಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು, ಆವಾಗ ಭೂಮಿ ಮ್ಯಾಲೆ ಕಲ್ಲಿದ್ದಲು ಆಗಾಕ ಬೇಕಾದ ಗಿಡಾನಽ ಇರಲಿಲ್ಲ, ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಹುಟ್ಟಿದ್ದು ಬರೇ 25-30 ಕೋಟಿ ವರ್ಷದ ಹಿಂದ. ಆದ್ರ ಬಿಟ್ಟ ಗಣಿ ನಮಗೂ ಅದಾವ. ಕಪ್ಪತಗುಡ್ಡದ ಬಂಗಾರದ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಾಗಽ ಬರದಾನ, ದೋಣಿ ಸೊರಟೂರು ಹಳ್ಳದ ಉಸುಕು ತೊಳದು ಬಂಗಾರ ತಗಿಯೋ ಜಾಲಗಾರರು ಅದಕ್ಕೂ ಹಿಂದಿನವರು, 20ನೇ ಶತಮಾನದ ಸುರುವಿಗೆ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ ಕಡೆ ಶಾಫ್ಟ್ ಇಳಿಸಿ ಕೈಬಿಟ್ವು. ಇದರ ಕಾಗದ, ಫೋಟೋ, ಮನಿಯೊಳಗಿನ ಮಾತು ಕೂಡಿಸಬೇಕು ಅಂತೀನಿ, ಗುಡ್ಡ ಅಗಿಯಬೇಕು ಅನ್ನೂದಿಲ್ಲ. 2019ರಿಂದ ಅದು ವನ್ಯಜೀವಿ ಧಾಮ, ತೋಂಟದ ಸಿದ್ಧಲಿಂಗ ಶ್ರೀಗಳಂಥೋರು ಬೀದಿಗಿಳದು ಉಳಿಸಿದ ಗುಡ್ಡ. ಹಳೇ ಗಣಿ ಪರಂಪರೆ ಅಂತ ಹೇಳ್ಕೊಂಡು ಹೊಸ ಗಣಿಗೆ ಅರ್ಜಿ ಹಾಕೋರು ಬಂದ್ರ ಈ ಪತ್ರಿಕೆ ಅವರ ಕೂಡ ಇರೂದಿಲ್ಲ, ಇದು ಬರದ ಇಟ್ಕೋರಿ.

ಗುಡ್ಡದ ಸುತ್ತಲಿನ ಓದುಗರಿಗೆ ಒಂದು ಮಾತು. ಮುತ್ಯಾನ ಪಗಾರದ ಚೀಟಿ, ಹಳೇ ನಕಾಶೆ, ಫೋಟೋ ಏನರ ಇದ್ರ ಝೆರಾಕ್ಸ್ ಕಳಸ್ರಿ, ಒರಿಜಿನಲ್ ನಿಮ್ಮ ಹತ್ರಾನ ಇರ್ಲಿ. ಹಳೇ ತಗ್ಗಿನ್ಯಾಗ ಇಳದು ವಿಡಿಯೋ ಮಾಡಾಕ ಮಾತ್ರ ಹೋಗಬ್ಯಾಡ್ರಿ, ಅಂಥಾ ಕಡೆ ಉಸಿರಾಡೋ ಗಾಳಿ ಇರೂದಿಲ್ಲ. ಸರ, ನಿಮ್ಮ ಹತ್ರಾನೂ ಒಂದು ಬೇಡಿಕಿ ಐತಿ: ನಿಮ್ಮ ವರ್ಕ್‌ಶಾಪಿನ್ಯಾಗ ಹಾಜರಿ ಹೆಂಗ ಹಾಕ್ತಿದ್ರು, ಯಾವ ಶೆಡ್ಡಿನ್ಯಾಗ ಯಾವ ಕೆಲಸ, ಸೈರನ್ ಆದ ಮ್ಯಾಲೆ ಗೇಟಿನ್ಯಾಗ ಏನ ನಡೀತಿತ್ತು, ಎಲ್ಲಾ ನಾಕು ಪುಟ ಬರದು ಕಳಸ್ರಿ. ಪೆನ್ನಿಲೆ ಬರದ್ರೂ ನಡೀತೈತಿ, ಟೈಪ್ ಮಾಡೂ ಕೆಲಸ ನಮ್ದು.