ಹಾವಿನ ಇಂಜೆಕ್ಷನ್ ಮೊದಲು ಎಲ್ಲಿ ಸಿಗಬೇಕು?

ಮಲೆನಾಡಿನ ಓದುಗರೊಬ್ಬರ ಪತ್ರದ ಸಾರ: "ಪಕ್ಕದ ತೋಟದ ಕೆಲಸದವರಿಗೆ ಸಂಜೆ ಸೊಪ್ಪು ಎತ್ತುವಾಗ ಹುಳ ಮುಟ್ಟಿತು (ಹಾವು ಕಚ್ಚಿತು). ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಚೀಟಿ ಬರೆದು ತಾಲ್ಲೂಕಿಗೆ ಕಳಿಸಿದರು, ತಾಲ್ಲೂಕಿನವರು ಜಿಲ್ಲೆಗೆ ಕಳಿಸಿದರು. ಇಂಜೆಕ್ಷನ್ ಸಿಗುವಷ್ಟರಲ್ಲಿ ನಾಲ್ಕು ಗಂಟೆ ದಾಟಿತ್ತು. ಜೀವ ಉಳಿಯಿತು, ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಆಯಿತು. ತಾಲ್ಲೂಕಿಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಸಹಿ ಸಂಗ್ರಹ ಮಾಡುತ್ತಿದ್ದೇವೆ. ಪತ್ರಿಕೆ ಬೆಂಬಲ ಕೊಡುತ್ತದೆಯೇ?"

ಸಂಪಾದಕರ ಉತ್ತರ:

ಬೆಂಬಲ ಇದೆ. ಆದರೆ ಬೇಡಿಕೆಯ ಬಗ್ಗೆ ತಕರಾರೂ ಇದೆ, ಹೇಳಿಬಿಡುತ್ತೇನೆ.

ದೊಡ್ಡ ಆಸ್ಪತ್ರೆ ಕೇಳಿದರೆ ಸರ್ಕಾರಕ್ಕೆ ಉತ್ತರ ಕೊಡೋದು ಸುಲಭ. ಸಮೀಕ್ಷೆ, ಜಾಗ, ಅನುದಾನ ಅಂತ ವರ್ಷಗಳು ಉರುಳುತ್ತವೆ. ಅಷ್ಟಾಗಿ ಕಟ್ಟಡ ಎದ್ದರೂ ಹುದ್ದೆ ಖಾಲಿ. ಇನ್ನು ನಿಮ್ಮ ನೆರೆಯವರ ವಿಷಯದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ ಅನ್ನೋದು ತೊಂದರೆಯಲ್ಲ. ಅವರು ಮೊದಲು ಹೋದ ಬಾಗಿಲಲ್ಲೇ ಮದ್ದು ಶುರುವಾಗಲಿಲ್ಲ, ತೊಂದರೆ ಅದು. ಹಾವಿನ ವಿಷದ ಮದ್ದು, ಅಂದರೆ ಎಎಸ್‌ವಿ, ಸರ್ಕಾರಿ ಆಸ್ಪತ್ರೆಯಲ್ಲಿ ಏನೇನಿರಬೇಕು ಅಂತ ಹೇಳುವ ಕೇಂದ್ರದ ಐಪಿಎಚ್‌ಎಸ್ ಮಾನದಂಡದ ಪ್ರಕಾರ ಪಿಎಚ್‌ಸಿಯಲ್ಲೇ ಇರಬೇಕಾದದ್ದು. ಹೊಸದಾಗಿ ಏನನ್ನೂ ಮಂಜೂರು ಮಾಡಿಸಬೇಕಿಲ್ಲ.

ನೀವು ಹೇಳಿದ ಲಕ್ಷಣ ನೋಡಿದರೆ ಕೊಳಕುಮಂಡಲದ ಕಡಿತ ಇರಬಹುದು. ಅದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಆಮೇಲೆ ಕಿಡ್ನಿಗೆ ಬರುತ್ತದೆ. ಇದನ್ನು ಪತ್ತೆ ಮಾಡಲು ದೊಡ್ಡ ಲ್ಯಾಬ್ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ವಾಲಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಅಂತಲೇ ಲೆಕ್ಕ. ಪ್ಲಾಸ್ಟಿಕ್ ನಳಿಕೆಯಲ್ಲಿ ಮಾಡಿದರೆ ಈ ಪರೀಕ್ಷೆ ಕೆಡುತ್ತದೆ. ಇಡೀ ಪರೀಕ್ಷೆಗೆ ಬೇಕಾದದ್ದು ಒಂದು ಗಡಿಯಾರ, ಒಂದು ಗಾಜಿನ ನಳಿಕೆ. ಕಟ್ಟುಹಾವು, ನಾಗರ ಕಚ್ಚಿದರೆ ಇದು ಉಪಯೋಗಕ್ಕಿಲ್ಲ. ಅಲ್ಲಿ ನೋಡಬೇಕಾದದ್ದು ಜೋತುಬೀಳುವ ಕಣ್ಣುರೆಪ್ಪೆಯನ್ನು.

ಮದ್ದು ಪುಡಿಯ ರೂಪದಲ್ಲಿ ಪುಟ್ಟ ಸೀಸೆಯಲ್ಲಿ ಬರುತ್ತದೆ. ಶುರುವಿಗೇ ಸುಮಾರು 10 ಸೀಸೆ ಬೇಕು. ಸೀಸೆಯನ್ನು ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸಿ ಡ್ರಿಪ್‌ನಲ್ಲಿ ಬಿಡಬೇಕು. ಹಾಗಾಗಿ ಎರಡು ಸೀಸೆ ಇಟ್ಟುಕೊಂಡು "ಸ್ಟಾಕ್ ಇದೆ" ಅನ್ನುವ ಪಿಎಚ್‌ಸಿಯನ್ನು ನಂಬಬೇಡಿ.

ಹಾಗಾದರೆ ಡಾಕ್ಟರು ಯಾಕೆ ರೆಫರ್ ಮಾಡುತ್ತಾರೆ? ಸುಮ್ನೆ ಸೋಮಾರಿತನ ಅಂತ ಬೈದುಬಿಡುವುದು ನ್ಯಾಯವಲ್ಲ. ಈ ಮದ್ದು ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕೆಲವರಿಗೆ ಜೋರು ಅಲರ್ಜಿ ಆಗಿ ಬಿಪಿ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಅಡ್ರಿನಾಲಿನ್ ಕೈಯಳತೆಯಲ್ಲಿದ್ದು ತರಬೇತಿ ಇದ್ದರೆ ಇದನ್ನು ನಿಭಾಯಿಸಬಹುದು. ಆದರೆ ರಾತ್ರಿ ಒಬ್ಬರೇ ಇರುವ, ಈಗಷ್ಟೇ ಎಂಬಿಬಿಎಸ್ ಮುಗಿಸಿ ಕಡ್ಡಾಯ ಸೇವೆಗೆ ಬಂದ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಹೊರಗೆ ಮೂವತ್ತು ಜನ ನಿಂತಿರುತ್ತಾರೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರ ಕಾಯ್ದೆ ಇದೆ ನಿಜ, ಆ ಹೊತ್ತಿಗೆ ಅದು ಬಾಗಿಲಿಗೆ ಅಡ್ಡ ನಿಲ್ಲುತ್ತದಾ? ಚೀಟಿ ಬರೆದು ಕಳಿಸಿದರೆ ಆಕೆಗೆ ಅಪಾಯವಿಲ್ಲ. ವ್ಯವಸ್ಥೆ ಆಕೆಗೆ ಕಲಿಸಿದ್ದೇ ಅದು. ನಾವೂ ಕಮ್ಮಿಯೇನಲ್ಲ ಬಿಡಿ. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ, ಮಂತ್ರ ಹಾಕಿಸಿ, ಕೊನೆಗೆ ಆಸ್ಪತ್ರೆ ನೆನಪಾಗುವವರು ಈಗಲೂ ಇದ್ದಾರೆ.

ಇದು ಸಣ್ಣ ವಿಷಯ ಅಲ್ಲ. ದೇಶದಲ್ಲಿ 2000ದಿಂದ 2019ರ ನಡುವೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಅನ್ನುತ್ತದೆ ಸಾವಿನ ಕಾರಣಗಳನ್ನು ಲೆಕ್ಕ ಹಾಕುವ ಮಿಲಿಯನ್ ಡೆತ್ ಸ್ಟಡಿ ಎಂಬ ಅಧ್ಯಯನ. ಬಹುಪಾಲು ಹಳ್ಳಿಯವರೇ, ಅರ್ಧದಷ್ಟು ಸಾವು ಮಳೆಗಾಲದಲ್ಲಿ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು. ಖಾಸಗಿ ಆಸ್ಪತ್ರೆಯೂ ಈಗ ವರದಿ ಮಾಡಲೇಬೇಕು. ಒಳ್ಳೆಯ ಹೆಜ್ಜೆ. ಅದೇ ವರ್ಷ ಕೇಂದ್ರವೂ 2030ರೊಳಗೆ ಇಂಥ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿದೆ. ಆದರೆ ಎಷ್ಟು ಜನರಿಗೆ ಕಚ್ಚಿತು, ಎಷ್ಟು ಜನ ಸತ್ತರು ಅಂತ ಎಣಿಸಿದರೆ ಸಾಲದು. ಕಚ್ಚಿದ ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆಯಲ್ಲಿ ಮದ್ದು ಶುರುವಾಯಿತು? ನಿಮ್ಮ ಹೋರಾಟ ಕೇಳಬೇಕಾದದ್ದು ಇದನ್ನು. ಈ ಲೆಕ್ಕ ಹೊರಬಂದರೆ ಯಾವ ಪಿಎಚ್‌ಸಿ ಬರೀ ಚೀಟಿ ಬರೆಯುತ್ತಿದೆ ಅಂತ ಯಾರಿಗೂ ಮುಚ್ಚಿಡಲಾಗದು.

(ಪಶ್ಚಿಮ ಘಟ್ಟದ ಗೂನುಮೂತಿಯ ಗುಳಿಮಂಡಲ ಹಾವಿನ ವಿಷಕ್ಕೆ ಈಗಿನ ಮದ್ದು ನಾಟುವುದಿಲ್ಲ. ಈ ಮದ್ದು ಇರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ ಮಾತ್ರ. ಮಲೆನಾಡಿನವರು ಎತ್ತಬೇಕಾದ ಇನ್ನೊಂದು ದೊಡ್ಡ ಪ್ರಶ್ನೆ ಅದು. ಇನ್ನೊಮ್ಮೆ ಬರೆಯೋಣ.)

ಸಹಿ ಸಂಗ್ರಹ ನಿಲ್ಲಿಸಬೇಡಿ, ಮೇಲಿನ ಒಕ್ಕಣೆ ಬದಲಿಸಿ: ಪ್ರತಿ ಪಿಎಚ್‌ಸಿಯಲ್ಲಿ ಕನಿಷ್ಠ 10 ಸೀಸೆ, ಅಡ್ರಿನಾಲಿನ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ರಾತ್ರಿಗೊಬ್ಬ ನರ್ಸ್. ಮದ್ದು ಶುರು ಮಾಡಿದ ಮೇಲಷ್ಟೇ ರೆಫರ್. ಡಾಕ್ಟರು ಫೋನಿನಲ್ಲಿ ಕೇಳಲು ಜಿಲ್ಲಾಸ್ಪತ್ರೆಯ ಒಬ್ಬ ತಜ್ಞರ ನಂಬರ್. ಇದನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಪಂಚಾಯ್ತಿ ಸದಸ್ಯರೂ ಇರುತ್ತಾರೆ. ಸಭೆ ಕೊನೆಗೆ ಯಾವಾಗ ಆಯಿತು ಅಂತ ಅವರನ್ನೇ ಕೇಳಿ, ಮುಖ ನೋಡಿ. ಗಾಜಿನ ನಳಿಕೆ ಕೊಳ್ಳೋಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ, ಆ ಸಮಿತಿಯ ದುಡ್ಡೇ ಸಾಕು.

ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ ಚುಟುಕಾಗಿ ಬರೆಯಿರಿ: ಎರಡು ವರ್ಷದಲ್ಲಿ ಹಾವು ಕಚ್ಚಿ ಬಂದವರೆಷ್ಟು, ಇಲ್ಲೇ ಎಎಸ್‌ವಿ ಕೊಟ್ಟದ್ದು ಎಷ್ಟು ಜನಕ್ಕೆ, ಕೊಡದೇ ಕಳಿಸಿದ್ದು ಎಷ್ಟು ಜನರನ್ನು, ಈಗಿನ ಸ್ಟಾಕ್ ಎಷ್ಟು, ಅದರ ಎಕ್ಸ್‌ಪೈರಿ ಯಾವಾಗ. 30 ದಿನದಲ್ಲಿ ಉತ್ತರ ಬರಬೇಕು. ಬಂದರೆ ಪ್ರತಿ ನಮಗೂ ಕಳಿಸಿ. ಬೇರೆ ತಾಲ್ಲೂಕಿನ ಓದುಗರೂ ಇದೇ ಅರ್ಜಿ ಹಾಕಿದರೆ, ಬಂದ ಉತ್ತರಗಳನ್ನು ಪಿಎಚ್‌ಸಿವಾರು ಅಚ್ಚು ಹಾಕಲು ಒಂದು ಪುಟ ತೆಗೆದಿಡುತ್ತೇವೆ. ಮಳೆ ಹಿಡಿಯೋದರೊಳಗೆ ಬಂದರೆ ಇನ್ನೂ ಒಳ್ಳೆಯದು.